ಅಮೆರಿಕದ ಪಿಟ್ಸ್‌ಬರ್ಗ್‌ನ ಅಲೆಘೆನಿ ಕೌಂಟಿ ಕೋರ್ಟ್: ಮೊದಲು ಅಂಗಳಕ್ಕೆ ಹೋಗಿ

ಗ್ರಾಂಟ್ ಸ್ಟ್ರೀಟ್‌ನ ಈ ಹಳೇ ಕೋರ್ಟ್ ಕಟ್ಟಡಕ್ಕೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ನಾನು ಜಾಸ್ತಿ ಹೊತ್ತು ಕೂತಿದ್ದು ಒಳಗಿನ ಅಂಗಳದಲ್ಲಿ. ನಡುವೆ ಕಾರಂಜಿ, ಸುತ್ತಲೂ ಗ್ರಾನೈಟ್ ಗೋಡೆ, ಸಾಲು ಸಾಲು ಕಮಾನು. ಗೋಡೆ ಮೇಲೆ ಕೈ ಇಟ್ಟು ನೋಡಿದೆ. ಕಲ್ಲನ್ನು ನುಣುಪು ಮಾಡಿಲ್ಲ, ಒರಟಾಗಿಯೇ ಬಿಟ್ಟಿದ್ದಾರೆ. ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಉಬ್ಬಿಗೂ ಅದರದೇ ನೆರಳು.

ವಿನ್ಯಾಸ ವಾಸ್ತುಶಿಲ್ಪಿ ಎಚ್. ಎಚ್. ರಿಚರ್ಡ್‌ಸನ್ ಅವರದು. ಕೆಲಸ ಶುರುವಾಗಿದ್ದು 1884ರಲ್ಲಿ, ಮುಗಿದಿದ್ದು 1888ರಲ್ಲಿ. ಅವರು 1886ರಲ್ಲೇ ತೀರಿಕೊಂಡರು. ಇಷ್ಟು ಚೆಂದದ ಕಟ್ಟಡ ಪೂರ್ತಿಯಾಗಿದ್ದನ್ನು ಅವರು ನೋಡಲೇ ಇಲ್ಲ ಅಂತ ನೆನೆದರೆ ಸಂಕಟವಾಗುತ್ತದೆ.

ಎತ್ತರದ ಗೋಪುರ ಸುಮ್ನೆ ಅಂದಕ್ಕೆ ಕಟ್ಟಿದ್ದಲ್ಲ. ಆಗ ಊರು ತುಂಬಾ ಕಲ್ಲಿದ್ದಲ ಹೊಗೆ. ಹೊಗೆಗಿಂತ ಮೇಲಿನ ಚೊಕ್ಕ ಗಾಳಿಯನ್ನು ಗೋಪುರದಿಂದ ಒಳಗೆಳೆಯುವ ಏರ್ಪಾಡು ಮಾಡಿದ್ದರು. ಎಂಥಾ ಯೋಚನೆ ಅಲ್ವಾ?

ಹಳೇ ಜೈಲಿಗೆ ದಾಟುವ ಕಲ್ಲಿನ ಸೇತುವೆಯನ್ನೂ ಬಿಡಬೇಡಿ. ಇಟಲಿಯ ವೆನಿಸ್‌ನಲ್ಲಿ ಕೈದಿಗಳು ದಾಟುತ್ತಿದ್ದ ‘ನಿಟ್ಟುಸಿರಿನ ಸೇತುವೆ’ಯ ಮಾದರಿಯಲ್ಲಿ ಕಟ್ಟಿದ್ದು, ಕೈದಿಗಳನ್ನು ಅದರ ಮೂಲಕವೇ ಕರೆದೊಯ್ಯುತ್ತಿದ್ದರು.

ಬೇಸರ ಒಂದೇ. ಕಟ್ಟಡ ಮುಗಿದು ವರ್ಷಗಳಾದ ಮೇಲೆ ಎದುರಿನ ಬೀದಿಯನ್ನು ಅಗೆದು ತಗ್ಗಿಸಿದರು. ಹಾಗಾಗಿ ಮೊದಲು ನೆಲಮಾಳಿಗೆಯಾಗಿದ್ದ ಕಡೆಯಿಂದಲೇ ಈಗ ಒಳಗೆ ಹೋಗಬೇಕು. ಹೊಕ್ಕ ಮೇಲೆ ದೊಡ್ಡ ಕಲ್ಲಿನ ಮೆಟ್ಟಿಲು ಸಿಗುತ್ತದೆ. ಲಿಫ್ಟ್ ಬೇಡ, ನಡೆದೇ ಹತ್ತಿ.