ಬೆನ್ನು ನೋವಿಗೆ ಕೈರೋಪ್ರಾಕ್ಟಿಕ್? ಹೋಗುವ ಮುಂಚೆ ಇದನ್ನೊಮ್ಮೆ ಓದಿ

ಸೊಂಟ ಹಿಡಿದಿದೆ ಅಂದರೆ ಸಾಕು, "ಕೈರೋಪ್ರಾಕ್ಟರ್ ಹತ್ರ ಹೋಗಿ, ಒಂದ್ಸಲ ಲಟಕ್ ಅನ್ನಿಸಿದ್ರೆ ಸರಿಹೋಗುತ್ತೆ" ಅನ್ನುವವರು ಈಗ ಜಾಸ್ತಿ. ಕೈರೋಪ್ರಾಕ್ಟಿಕ್ ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವು ಕಳೆಯುತ್ತೇವೆ ಅನ್ನುವ ಪದ್ಧತಿ. ಹಾಗೆ ಲಟಕ್ ಅನ್ನಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನಾನು ಹೋಗಿ ಬಂದೆ. ಸೊಂಟ ನೋವು ಹಾಗೇ ಉಳಿಯಿತು, ಎಡಗಾಲಿನ ಜೋಮು ಮಾತ್ರ ಹೆಚ್ಚಾಯಿತು. ಅಲ್ಲಿ ನಡೆದದ್ದನ್ನು ಹೇಳುತ್ತೇನೆ. ನಿಮಗೂ ಹೀಗೇ ಮಾಡಿದರೆ ಎದ್ದು ಬನ್ನಿ.

ಮೊದಲು ಎಕ್ಸ್‌ರೇ. ನೋವಿದ್ದದ್ದು ಸೊಂಟದಲ್ಲಿ, ತೆಗೆದದ್ದು ಕುತ್ತಿಗೆಯಿಂದ ಹಿಡಿದು ಇಡೀ ಬೆನ್ನಿನದ್ದು. ಅದರ ಮೇಲೆ ಕೆಂಪು ಗೆರೆ ಎಳೆದು, "ನೋಡಿ, ಮೂಳೆ ಜಾಗ ಬಿಟ್ಟಿದೆ, ಇದಕ್ಕೆ ಸಬ್‌ಲಕ್ಸೇಷನ್ ಅಂತಾರೆ" ಅಂದರು. ಆಮೇಲೆ ಬೋರಲು ಮಲಗಿಸಿ, ಎರಡೂ ಹಿಮ್ಮಡಿ ಜೋಡಿಸಿ ಹಿಡಿದು, ಬಲಗಾಲು ಗಿಡ್ಡ ಇದೆ ಅಂದರು. ಬೆನ್ನು ಒತ್ತಿದರು, ಸದ್ದು ಬಂತು, ಮತ್ತೆ ಹಿಮ್ಮಡಿ ಹಿಡಿದರು. ಈಗ ಎರಡೂ ಸಮವಂತೆ! ಶೂ ಕೂಡ ಬಿಚ್ಚಿಸಿರಲಿಲ್ಲ. ಸೊಂಟ ಒಂಚೂರು ವಾಲಿದ್ದರೂ, ಹಿಡಿದವರ ಹೆಬ್ಬೆರಳು ಒಂದು ಕಡೆ ಜಾಸ್ತಿ ಒತ್ತಿದ್ದರೂ ಅಷ್ಟು ವ್ಯತ್ಯಾಸ ಕಾಣುತ್ತದೆ, ಬೇಕಾದರೆ ಮನೆಯಲ್ಲಿ ಯಾರನ್ನಾದರೂ ಮಲಗಿಸಿ ನೋಡಿ.

ಈ ಸಬ್‌ಲಕ್ಸೇಷನ್ ಕಥೆ 1895ರದ್ದು. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಅನ್ನುವವನು ಹಾರ್ವಿ ಲಿಲ್ಲಾರ್ಡ್ ಎಂಬಾತನ ಬೆನ್ನುಮೂಳೆ ಒತ್ತಿ ಕಿವುಡು ವಾಸಿ ಮಾಡಿದೆ ಅಂತ ಹೇಳಿಕೊಂಡು ಈ ಪದ್ಧತಿ ಶುರು ಮಾಡಿದ. ಕಿವಿಯ ನರ ಇರುವುದು ತಲೆಬುರುಡೆಯೊಳಗೆ, ಬೆನ್ನಿಗೂ ಅದಕ್ಕೂ ಏನು ಸಂಬಂಧವೋ! ಕಾಯಿಲೆಗಳಿಗೆ ಈ ಸಬ್‌ಲಕ್ಸೇಷನ್ನೇ ಕಾರಣ ಅನ್ನಲು ಸಂಶೋಧನೆಯ ಆಧಾರ ಇಲ್ಲ ಅಂತ 2010ರಲ್ಲಿ ಬ್ರಿಟನ್ನಿನ ಕೈರೋಪ್ರಾಕ್ಟರ್‌ಗಳ ನಿಯಂತ್ರಣ ಮಂಡಳಿಯೇ ಹೇಳಿತು. ಇನ್ನು ಆ ಲಟಕ್ ಸದ್ದು ಮೂಳೆ ಜಾಗಕ್ಕೆ ಕೂತದ್ದಲ್ಲ. ಬೆರಳಿನ ಲಟಿಕೆ ತೆಗೆದಾಗ ಬರುವುದೂ ಅದೇ: ಕೀಲಿನೊಳಗಿನ ದ್ರವದಲ್ಲಿ ಒತ್ತಡ ಇಳಿದು ಗಾಳಿಗುಳ್ಳೆ ಏಳುತ್ತದೆ, ಅಷ್ಟೇ.

ಹಾಗಂತ ಬೆನ್ನು ಒತ್ತುವುದೆಲ್ಲ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಇತ್ತೀಚೆಗೆ ಬಂದ ಸಾಧಾರಣ ಸೊಂಟ ನೋವಿಗೆ ಔಷಧಿ ಇಲ್ಲದ ಉಪಾಯಗಳಲ್ಲಿ ಇದನ್ನೂ ಒಂದು ಅಂತ ಅಮೆರಿಕದ ವೈದ್ಯರ ಸಂಘವೊಂದರ 2017ರ ಮಾರ್ಗಸೂಚಿ ಸೇರಿಸಿದೆ, ಆದರೆ ಆಧಾರ ಅಷ್ಟೇನೂ ಗಟ್ಟಿಯಿಲ್ಲ ಅಂತಲೂ ಅದೇ ಹೇಳುತ್ತದೆ. ಬ್ರಿಟನ್ನಿನ 2016ರ ಮಾರ್ಗಸೂಚಿ ವ್ಯಾಯಾಮದ ಜೊತೆಗಾದರೆ ಮಾತ್ರ ಸರಿ ಅನ್ನುತ್ತದೆ. ಅಂದರೆ ಸ್ವಲ್ಪ ಆರಾಮ ಸಿಗಬಹುದು. ನನಗೂ ಮೊದಲ ದಿನ ಸಂಜೆವರೆಗೆ ಬೆನ್ನು ಹಗುರ ಅನ್ನಿಸಿತ್ತು. ಆದರೆ ಅಲ್ಲಿ ಮಾರುತ್ತಿದ್ದದ್ದು ಸ್ವಲ್ಪ ಆರಾಮವನ್ನಲ್ಲ. ಮುಂಗಡ ಕಟ್ಟಿಸಿಕೊಳ್ಳುವ ಉದ್ದನೆಯ ಪ್ಯಾಕೇಜು, ಅದು ಮುಗಿದ ಮೇಲೆ ಜೀವನಪೂರ್ತಿ "ಮೆಂಟೆನೆನ್ಸು". ಅಲ್ಲರೀ, ಸಾಧಾರಣ ಸೊಂಟ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. ಆ ವಾರಗಳು ಪ್ಯಾಕೇಜಿನೊಳಗೇ ಕಳೆದುಹೋದರೆ ಹೆಸರು ಯಾರಿಗೆ ಹೋಗುತ್ತೆ ಹೇಳಿ?

ನನಗೆ ತುಂಬಾ ಸಿಟ್ಟು ಬಂದದ್ದು ಎರಡು ವಿಷಯಕ್ಕೆ. ಒಂದು, ಕೇಳದೆ ಕುತ್ತಿಗೆಗೆ ಕೈ ಹಾಕಿದ್ದು. ಗಲ್ಲ ಹಿಡಿದು ತಟ್ಟನೆ ತಿರುಗಿಸಿದರು, ಕಣ್ಣಿಗೆ ಕತ್ತಲೆ ಬಂದ ಹಾಗಾಯಿತು. ಕುತ್ತಿಗೆಯನ್ನು ಹೀಗೆ ತಿರುಗಿಸಿದ ಮೇಲೆ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ. ಅಪರೂಪ ನಿಜ, ಆದರೆ ಸೊಂಟ ನೋವಿಗೆ ಬಂದವರ ಕುತ್ತಿಗೆ ಯಾಕೆ ತಿರುಗಿಸಬೇಕು? ಎರಡನೆಯದು, ಕಾಲಿನ ಜೋಮಿನ ಬಗ್ಗೆ ಒಂದು ಪ್ರಶ್ನೆಯೂ ಕೇಳಲಿಲ್ಲ. ನಾನೇ ಹೇಳಿದಾಗ, "ಗುಣ ಆಗೋ ಮುಂಚೆ ಹಾಗೆ ಆಗುತ್ತೆ" ಅಂದರು. ಆಮೇಲೆ ಮೂಳೆ ಡಾಕ್ಟರ್ ಮಲಗಿಸಿ ಕಾಲು ಎತ್ತಿಸಿದರು, ಹೆಬ್ಬೆರಳು ಮೇಲಕ್ಕೆ ಒತ್ತಿಸಿದರು, ಎಂಆರ್‌ಐ ಬರೆದರು. ಡಿಸ್ಕ್ ಜಾರಿ ನರಕ್ಕೆ ಒತ್ತುತ್ತಿತ್ತು. ಈಗ ಫಿಸಿಯೋಥೆರಪಿ ನಡೆಯುತ್ತಿದೆ, ನಿಧಾನಕ್ಕೆ ಇಳಿಯುತ್ತಿದೆ. ಉಳಿದ ದುಡ್ಡು ವಾಪಸ್ ಕೇಳಿದರೆ ಪ್ಯಾಕೇಜಿನ ಷರತ್ತು ತೋರಿಸುತ್ತಾರೆ.

ಆದರೂ ಹೋಗುತ್ತೀರಾದರೆ ಮುಂಗಡ ಕಟ್ಟಬೇಡಿ. ಕುತ್ತಿಗೆ ಮುಟ್ಟಬೇಡಿ ಅಂತ ಅವರಿಗೆ ಮೊದಲೇ ಹೇಳಿ. ಜೋಮು, ಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಬಿದ್ದ ಮೇಲೆ ಶುರುವಾದ ನೋವು, ಜ್ವರ, ಹಿಂದೆ ಕ್ಯಾನ್ಸರ್ ಇದ್ದದ್ದು, ಇದರಲ್ಲಿ ಒಂದಿದ್ದರೂ ಮೊದಲು ಡಾಕ್ಟರ್. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅವತ್ತೇ ರಾತ್ರಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.