ಪಿಡಿಎಫ್ ರೀಡರ್‌ನ ಆ ಟಿಕ್ ತೆಗೆಯಬೇಡಿ, ಯಾರೇ ಹೇಳಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪ್ರೊಟೆಕ್ಟೆಡ್ ಮೋಡ್ ಎಂಬ ಭದ್ರತೆಯ ಟಿಕ್ ತೆಗೆದದ್ದು ನಾನೇ, ನನ್ನ ಕೈಯಾರೆ. ಆದರೆ ತೆಗೆಯಿರಿ ಎಂದವರು ಆ ರೀಡರ್‌ನ ಸಪೋರ್ಟ್‌ನವರು. ಈಗ ಅದನ್ನೇ ಹಿಡಿದು ನನ್ನನ್ನೇ ದಡ್ಡನನ್ನಾಗಿ ಮಾಡುತ್ತಿದ್ದಾರಲ್ಲ, ಆ ಸಿಟ್ಟಿಗೆ ಇದನ್ನು ಬರೆಯುತ್ತಿದ್ದೇನೆ.

ದುಡ್ಡು ಕೊಟ್ಟು ಕೊಂಡ ರೀಡರ್ ಅದು. ಹೆಸರು ಬೇಡ. ಪುಕ್ಕಟೆ ಸಿಗುವವು ಬೇಕಾದಷ್ಟಿದ್ದರೂ ಇದನ್ನು ಕೊಂಡದ್ದು ಒಂದೇ ಕಾರಣಕ್ಕೆ. ಭದ್ರತೆ ಹೆಚ್ಚಿಸಿದ್ದೇವೆ, ಪ್ರೊಟೆಕ್ಟೆಡ್ ಮೋಡ್ ಇದೆ, ಜಾಹೀರಾತಿನ ತುಂಬ ಇದೇ ಮಾತು. ಅಂದರೆ ಫೈಲನ್ನು ಬೇಲಿಯೊಳಗೆ ಕೂರಿಸಿ ತೆರೆಯುವುದು. ಫೈಲಿನಲ್ಲಿ ಕಿತಾಪತಿ ಇದ್ದರೂ ಅದು ಹೊರಗೆ ಬಂದು ಬೇರೆ ಪ್ರೋಗ್ರಾಂ ಶುರು ಮಾಡದಂತೆ, ನಮ್ಮ ಇತರ ಫೈಲುಗಳಿಗೆ ಕೈಹಾಕದಂತೆ ತಡೆಯುವುದು. ಅಡೋಬ್ ಇದನ್ನು 2010ರಲ್ಲೇ ರೀಡರ್ ಎಕ್ಸ್‌ನಲ್ಲಿ ತಂದಿತ್ತು. ಅದರ ಹಿಂದಿನ ವರ್ಷ ಪಿಡಿಎಫ್ ಒಳಗಿನ ಚಿತ್ರ ತೆರೆದು ತೋರಿಸುವ ಕೋಡಿನ ತಪ್ಪೊಂದರಿಂದಲೇ ಕಳ್ಳರು ಜನರ ಕಂಪ್ಯೂಟರಿಗೆ ನುಗ್ಗಿದ್ದರು. ಬೇಲಿ ಬಂದ ಮೇಲೂ 2013ರಲ್ಲಿ ಅದನ್ನು ಹಾರಿದವರಿದ್ದಾರೆ, ನಿಜ. ಹಾರುವವನಿದ್ದಾನೆ ಅಂತ ಬೇಲಿ ಕೀಳುತ್ತೀವಾ?

ನಾನು ಕಿತ್ತೆ. ಒಂದು ಅಪ್‌ಡೇಟ್ ಆದ ಮೇಲೆ ಪ್ರಿಂಟ್ ಕೊಟ್ಟರೆ ಬರೀ ಖಾಲಿ ಹಾಳೆ. ಸಪೋರ್ಟ್ ಚಾಟ್‌ಗೆ ಹೋದೆ. "ಸರ್, ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿಗೆ ಹೋಗಿ ಪ್ರೊಟೆಕ್ಟೆಡ್ ಮೋಡ್ ಟಿಕ್ ತೆಗೆಯಿರಿ." ತೆಗೆದರೆ ಏನೂ ಆಗಲ್ವಾ ಅಂತ ಕೇಳಿದೆ, ಕೇಳಲಿಲ್ಲ ಅಂತಲ್ಲ. "ಏನೂ ತೊಂದರೆ ಇಲ್ಲ ಸರ್, ಬಹಳ ಜನ ಹಾಗೇ ಇಟ್ಟುಕೊಂಡಿದ್ದಾರೆ." ಪ್ರಿಂಟ್ ಬಂತು. ಥ್ಯಾಂಕ್ಸ್ ಹೇಳಿ ಐದು ಸ್ಟಾರ್ ಬೇರೆ ಕೊಟ್ಟೆ. ಮತ್ತೆ ಟಿಕ್ ಹಾಕಿ ಎಂದು ಅವರು ಹೇಳಲಿಲ್ಲ, ನನಗೂ ಮರೆತೇ ಹೋಯಿತು.

ಮೂರು ವಾರ ಕಳೆದಿತ್ತು. ಕೆಲಸದ ಪರಿಚಯದವರೊಬ್ಬರ ಮೇಲ್‌ನಿಂದ ಇನ್‌ವಾಯ್ಸ್ ಬಂತು. ತೆರೆದೆ. ಒಂದು ಬಾಕ್ಸ್: "ಈ ದಾಖಲೆ ಎನ್‌ಕ್ರಿಪ್ಟ್ ಆಗಿದೆ, ನೋಡಲು ಓಪನ್ ಒತ್ತಿ." ರೀಡರೇ ಕೇಳುತ್ತಿದೆ ಅಂದುಕೊಂಡೆ. ಬಾಕ್ಸ್ ರೀಡರ್‌ನದೇ ತಾನೇ! ಒತ್ತಿದೆ. ಕಪ್ಪು ಕಿಟಕಿಯೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಯಿತು. ಆಮೇಲೆ ಇನ್‌ವಾಯ್ಸ್ ಕಾಣಿಸಿತು. ನಾಚಿಕೆಯ ವಿಷಯ ಇಲ್ಲಿದೆ: ನಾನು ಅದನ್ನು ಸಾಲು ಸಾಲಾಗಿ ಓದಿ, "ಮೊತ್ತ ತಾಳೆಯಾಗುತ್ತಿಲ್ಲ, ಇನ್ನೊಮ್ಮೆ ನೋಡಿ" ಅಂತ ಉತ್ತರ ಬರೆದೆ. ಕಳ್ಳನಿಗೆ ಲೆಕ್ಕ ತಿದ್ದಿಕೊಟ್ಟೆ.

ಆ ಬಾಕ್ಸಿನೊಳಗಿನ ಮಾತು ರೀಡರ್‌ನದಲ್ಲ, ಫೈಲ್ ಮಾಡಿದವನದು. ಇದು ನನಗೆ ತಿಳಿದದ್ದು ಎಲ್ಲಾ ಮುಗಿದ ಮೇಲೆ. ಪಿಡಿಎಫ್‌ನಲ್ಲಿ ಲಾಂಚ್ ಅಂತ ಒಂದು ಸೌಲಭ್ಯವಿದೆ, ಬೇರೆ ಪ್ರೋಗ್ರಾಂ ಶುರು ಮಾಡುವುದಕ್ಕೆ. ಅದು ಬಗ್ ಅಲ್ಲ, ಪಿಡಿಎಫ್ ಮಾನದಂಡದಲ್ಲೇ ಬರೆದಿರುವುದು. ಅದನ್ನು ಬಳಸಿಕೊಂಡು ಎಚ್ಚರಿಕೆಯ ಬಾಕ್ಸಿನ ಮಾತನ್ನೇ ತಿರುಚಬಹುದು ಅಂತ ಬೆಲ್ಜಿಯಂನ ಸಂಶೋಧಕ ಡಿಡಿಯರ್ ಸ್ಟೀವನ್ಸ್ 2010ರ ಮಾರ್ಚ್‌ನಲ್ಲೇ ತೋರಿಸಿದ್ದರು. ಅಷ್ಟು ಹಳೆಯ ಗಾಳಕ್ಕೆ ನಾನು ಬಿದ್ದದ್ದು.

ಸಂಜೆಗೆ ನನ್ನ ಮೇಲ್‌ನಿಂದ ಎಲ್ಲರಿಗೂ ಅದೇ ಫೈಲ್ ಹೋಗಿತ್ತು. ಸೋದರಮಾವ ಫೋನ್ ಮಾಡಿ, "ಏನಪ್ಪಾ, ಬಿಲ್ ಕಳಿಸಿದ್ದೀಯಾ, ನಾನು ನಿನಗೆ ದುಡ್ಡು ಕೊಡೋದಿತ್ತಾ?" ಅಂದರು. ಏನಂತ ಹೇಳಲಿ.

ಸಪೋರ್ಟ್‌ನವರ ಉತ್ತರಗಳನ್ನು ಕೇಳಿ. ಮೊದಲನೆಯದು: "ಪ್ರೊಟೆಕ್ಟೆಡ್ ಮೋಡ್ ಆಫ್ ಇದ್ದಾಗ ಆಗುವ ಹಾನಿಗೆ ನಾವು ಹೊಣೆಯಲ್ಲ." ಆಫ್ ಮಾಡಿಸಿದವರೇ ನೀವಲ್ವಾ ಅಂದೆ. "ಅದು ಸಮಸ್ಯೆ ಪತ್ತೆ ಹಚ್ಚಲು ಮಾತ್ರ ಸರ್, ತಾತ್ಕಾಲಿಕ." ತಾತ್ಕಾಲಿಕ! ಅವತ್ತು ಈ ಪದ ಎಲ್ಲಿತ್ತು? ಪ್ರಿಂಟ್ ತೊಂದರೆ ಸರಿಮಾಡಿದಿರಾ ಅಂದರೆ ಅದಕ್ಕೆ ಉತ್ತರವಿಲ್ಲ. "ಓಪನ್ ಒತ್ತಿದ್ದು ನೀವೇ ಅಲ್ವಾ ಸರ್?" ಹೌದು ಸ್ವಾಮಿ, ನಾನೇ. ಕೊನೆಗೆ ಬಂದದ್ದಕ್ಕೆ ಮೈ ಉರಿದುಹೋಯಿತು: "ಹೊಸ ಆವೃತ್ತಿಯಲ್ಲಿ ಭದ್ರತೆ ಇನ್ನೂ ಸುಧಾರಿಸಿದೆ, ನಿಮಗೆ ರಿಯಾಯಿತಿಯಲ್ಲಿ ಕೊಡುತ್ತೇವೆ." ಅದರಲ್ಲೂ ಆಫ್ ಮಾಡಿಸುತ್ತೀರಾ ಅಂತ ಕೇಳಿದೆ. ಚಾಟ್ ಮುಚ್ಚಿದರು.

ಈಗಲೇ ನಿಮ್ಮ ರೀಡರ್ ತೆರೆದು ಆ ಟಿಕ್ ಇದೆಯಾ ನೋಡಿ. ಜಾವಾಸ್ಕ್ರಿಪ್ಟ್‌ಗೂ, ಅಂದರೆ ಫೈಲಿನೊಳಗೇ ಬರೆದಿಟ್ಟು ಓಡಿಸುವ ಪುಟ್ಟ ಪ್ರೋಗ್ರಾಂಗೂ, ಒಂದು ಟಿಕ್ ಇರುತ್ತದೆ, ಅದನ್ನು ಮಾತ್ರ ತೆಗೆಯಿರಿ, ಫಾರಂ ತುಂಬುವಾಗ ಬೇಕೆನಿಸಿದರೆ ಹಾಕಿಕೊಳ್ಳಿ. ಪ್ರಿಂಟ್ ಬರದಿದ್ದರೆ ಬ್ರೌಸರ್‌ನಲ್ಲಿ ತೆರೆದು ಪ್ರಿಂಟ್ ಕೊಡಿ. ನನಗೂ ಅಷ್ಟೇ ಹೇಳಿದ್ದರೆ ಸಾಕಿತ್ತಲ್ಲ! ಆದರೆ ಬ್ರೌಸರ್ ಹಳೆಯದಿರಬಾರದು, ಫೈರ್‌ಫಾಕ್ಸ್‌ನ ಪಿಡಿಎಫ್ ಭಾಗದಲ್ಲೂ 2024ರಲ್ಲಿ ಒಂದು ತೂತು ಸಿಕ್ಕಿತ್ತು, ಮುಚ್ಚಿದರು. ನನ್ನ ಹಾಗೆ ಬಿದ್ದಿದ್ದರೆ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ. ನಾನು ಅದೇ ಕಂಪ್ಯೂಟರಿನಿಂದ ಬದಲಿಸಿ, ಮಾರನೇ ದಿನ ಎಲ್ಲವನ್ನೂ ಇನ್ನೊಂದು ಸಲ ಬದಲಿಸಬೇಕಾಯಿತು.

ಚಾಟ್‌ನ ಪ್ರತಿ ಕೇಳಿದ್ದೆ, ನಿನ್ನೆ ಕಳಿಸಿದ್ದಾರೆ. ಪಿಡಿಎಫ್‌ನಲ್ಲೇ. ಟಿಕ್ ತೆಗೆಯಿರಿ ಎಂದ ದಿನದ ಮಾತು ಅದರಲ್ಲಿಲ್ಲ. ನನ್ನ ಹತ್ತಿರ ಸ್ಕ್ರೀನ್‌ಶಾಟ್ ಇದೆ.