ಅರಿವೆ ಮೇಲೆ ಮುದ್ರಿಸಿದ ಯುದ್ಧದ ನಕ್ಷೆ: ಎರಡು ವರ್ಷ ಆಡಿದ ಮೇಲೆ

ಬಳಸಿದ್ದು ಪಾಲಿಯೆಸ್ಟರ್ ಅರಿವೆ ಮೇಲೆ ಸಬ್ಲಿಮೇಶನ್ ಪದ್ಧತಿಯಲ್ಲಿ, ಅಂದರೆ ಶಾಖದಿಂದ ಬಣ್ಣವನ್ನು ನೂಲಿನೊಳಗೆ ಇಳಿಸಿ, ಮುದ್ರಿಸಿದ ಬೋರ್ಡ್ ಆಟದ ನಕ್ಷೆ. ಮಾಡಿಕೊಟ್ಟದ್ದು ವಿಜಯಪುರದ ಒಂದು ಬ್ಯಾನರ್ ಅಂಗಡಿ. ಆಟ ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ ನಡೆದ 1565ರ ರಕ್ಕಸಗಿ–ತಂಗಡಗಿ (ತಾಳಿಕೋಟೆ) ಯುದ್ಧದ್ದು, ನಿಯಮಗಳ ತಿದ್ದುಪಡಿ ಇನ್ನೂ ನಡೆದಿದೆ. ಮುದ್ರಣದ ಅಳತೆ 24x36 ಇಂಚು, ಅಂದರೆ ಸರಿಯಾಗಿ 6 ಚದರ ಅಡಿ. ಸುತ್ತ ಒಂದಿಂಚು ಮಡಚಿ ಹೊಲಿದರೆ 22x34 ಉಳಿಯುತ್ತದೆ. ಆರು ಮೂಲೆಯ ಮನೆಗೆ ಎದುರುಬದುರು ಬದಿಗಳ ನಡುವಿನ ಅಗಲ 25 ಮಿಲಿಮೀಟರ್ ಇಟ್ಟರೆ 37 ಕಂಬಸಾಲು, ಒಂದೊಂದರಲ್ಲಿ 20 ಮನೆ, ಒಟ್ಟು 740.

ಈ ಆಟದಲ್ಲಿ ಕಾಯಿಗಳು ಮಲಗುವುದಿಲ್ಲ, ನಿಲ್ಲುತ್ತವೆ. ಅರಿವೆ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವುದು ಇಲ್ಲೇ. ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್ ಶಾಹನ ಕಡೆ 600 ತೋಪುಗಳು ಮೂರು ಸಾಲಿನಲ್ಲಿದ್ದವು, ಅವು ಕಾಣದಂತೆ ಮುಂದೆ ಬಿಲ್ಲುಗಾರರನ್ನು ನಿಲ್ಲಿಸಿದ್ದರು ಎಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಬಿಲ್ಲುಗಾರರು ಹಿಂದೆ ಸರಿದ ಮೇಲೆಯೇ ತೋಪು ಬಾಯಿ ಬಿಟ್ಟದ್ದು. ಇದನ್ನು ಆಟಕ್ಕೆ ತರಬೇಕೆಂದರೆ ಎದುರಾಳಿಗೆ ಕಾಯಿಯ ಬೆನ್ನು ಮಾತ್ರ ಕಾಣಬೇಕು. ಅದಕ್ಕೇ 16 ಮಿಲಿಮೀಟರ್ ಚೌಕದ, 8 ಮಿಲಿಮೀಟರ್ ದಪ್ಪದ ಕಟ್ಟಿಗೆ ತುಂಡುಗಳು. ಪಗಡೆ ಹಾಸಿನ ಅರಿವೆ ಒಂಚೂರು ಸುಕ್ಕಿದ್ದರೂ ಆಟ ನಡೆಯುತ್ತದೆ. ಇಲ್ಲಿ ಒಂದು ಸುಕ್ಕಿಗೆ ತುಂಡು ಮುಖ ಮೇಲಾಗಿ ಬಿದ್ದರೆ ಗುಟ್ಟು ಬಯಲು, ಆ ಆಟವೇ ಕೆಟ್ಟಂತೆ.

ಹಾಸುವ ಕ್ರಮ ಹೀಗಿರಲಿ. ಕೆಳಗೆ 12 ಮಿಲಿಮೀಟರ್ ಪ್ಲೈವುಡ್. ಎದುರುಬದುರು ಅಂಚುಗಳ ನಡುಮಧ್ಯ ಮೊದಲು ಎಳೆದು ಕ್ಲಿಪ್ ಹಾಕಿ, ಆಮೇಲೆ ಮೂಲೆಗಳಿಗೆ ಬನ್ನಿ. ಮೊದಲು ಮೂಲೆ ಹಿಡಿದು ಎಳೆದರೆ ಅರಿವೆ ಓರೆಯಾಗಿ ಜಗ್ಗುತ್ತದೆ, ಆ ಮೂಲೆಯ ಮನೆಗಳೆಲ್ಲ ಸೊಟ್ಟಗಾಗುತ್ತವೆ. ಬಿಗಿದು ಹಾಸಿದ ಮೇಲೆ ಅರಿವೆಗೆ ಸಮನಾದದ್ದಿಲ್ಲ: ನುಣುಪು ಹಾಳೆ ಮೇಲೆ ಜಾರುವ ತುಂಡು ಇದರ ಮೇಲೆ ಕಚ್ಚಿ ನಿಲ್ಲುತ್ತದೆ, ಫ್ಯಾನು ಜೋರಾಗಿದ್ದರೂ ಅಂಚು ಏಳುವುದಿಲ್ಲ, ದೀಪ ಹೊಳೆದು ಕಣ್ಣಿಗೆ ಹೊಡೆಯುವುದಿಲ್ಲ.

ಮೊದಲ ಪ್ರತಿಯಲ್ಲಿ ಕೆಟ್ಟದ್ದು ಅಳತೆ. ಶಾಖಕ್ಕೆ ಅರಿವೆ ಎಳೆದುಕೊಳ್ಳುತ್ತದೆ, ಅದೂ ಹಾಸಿನ ಕಡೆ ಒಂದು, ಹೊಕ್ಕಿನ ಕಡೆ ಇನ್ನೊಂದು. ನಕ್ಷೆಯ ಅಂಚಿನಲ್ಲಿ ಅಡ್ಡಕ್ಕೂ ಉದ್ದಕ್ಕೂ 100 ಮಿಲಿಮೀಟರಿನ ಗೆರೆ ಹಾಕಿದ್ದರಿಂದ ಗೊತ್ತಾಯಿತು: ಉದ್ದದಲ್ಲಿ 98.5, ಅಗಲದಲ್ಲಿ 99.5. ಕೇಳಿದರೆ ಅಲ್ಪ ಅನ್ನಿಸುತ್ತದೆ. ಆದರೆ 808 ಮಿಲಿಮೀಟರ್ ಇರಬೇಕಾದ 37 ಸಾಲು 796ಕ್ಕೆ ಬಂದು ನಿಂತಿತು, ಅರ್ಧ ಮನೆ ಮಾಯ. ಎರಡನೇ ಸಲ ಫೈಲನ್ನು ಉದ್ದಕ್ಕೆ 101.5, ಅಗಲಕ್ಕೆ 100.5 ಪ್ರತಿಶತ ಹಿಗ್ಗಿಸಿ ಕೊಟ್ಟ ಮೇಲೆ ಸರಿಹೋಯಿತು. ಅರಿವೆ ಬದಲಾದರೆ ಈ ಅಂಕಿ ಬದಲಾಗುತ್ತದೆ, ಹಾಗಾಗಿ ಮೊದಲು ಒಂದಡಿ ತುಂಡು ಮುದ್ರಿಸಿ ಅಳೆಯಿರಿ. ಅಂಗಡಿಯವರಿಗೆ ‘ಅರಿವೆಗೆ ತಕ್ಕಂತೆ ಹಿಗ್ಗಿಸಬೇಡಿ, ಇದ್ದ ಅಳತೆಗೇ ಬಿಡಿ’ ಎಂದು ಬರೆದೇ ಕೊಡಿ.

ಅಕ್ಷರದ್ದು ಬೇರೆಯೇ ಪಾಡು. ಬಣ್ಣ ನೂಲಿನಲ್ಲಿ ಹರಡುವುದರಿಂದ ಒತ್ತಕ್ಷರ ಮುಚ್ಚಿಹೋಗುತ್ತದೆ. 9 ಪಾಯಿಂಟಿನಲ್ಲಿ ‘ಕೃಷ್ಣಾ’ ಎಂದು ಹಾಕಿದರೆ ಷಕಾರದ ಕೆಳಗಿನ ಣಕಾರದೊತ್ತು ಒಂದು ಕರಿ ಚುಕ್ಕೆಯಾಗಿ ಕೂರುತ್ತದೆ. ದಪ್ಪ ಅಕ್ಷರ ಇನ್ನೂ ಕೆಡುತ್ತದೆ. ತೆಳು ಅಕ್ಷರದಲ್ಲೂ 12 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. ಯುನಿಕೋಡ್ ಕನ್ನಡವನ್ನು ಹಾಗೇ ಕಳಿಸಿದರೆ ಅಂಗಡಿಯ ತಂತ್ರಾಂಶದಲ್ಲಿ ಒತ್ತು, ದೀರ್ಘ ಚೆಲ್ಲಾಪಿಲ್ಲಿಯಾಗುತ್ತವೆ. ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಗೆರೆಯ ಚಿತ್ರವಾಗಿ ಬದಲಿಸಿ, ಪಿಡಿಎಫ್ ಕೊಡಿ. ಮನೆಗಳ ಗೆರೆ 0.5 ಮಿಲಿಮೀಟರ್ ಬೂದು ಇದ್ದರೆ ನೇಯ್ಗೆಯಲ್ಲಿ ಕರಗುತ್ತದೆ, 0.8 ಇರಲಿ.

ನದಿಯನ್ನು ಮನೆಯೊಳಗೆ ಹರಿಸದೆ ಮನೆಗಳ ನಡುವಿನ ಗೆರೆಯ ಮೇಲೆ, 3 ಮಿಲಿಮೀಟರ್ ದಪ್ಪಕ್ಕೆ ಎಳೆಯಬೇಕು. ಸುಲ್ತಾನರ ಸೈನ್ಯ ನದಿಗುಂಟ ಬೇರೆ ಕಡೆ ಹೊರಟಂತೆ ತೋರಿಸಿ, ವಿಜಯನಗರದವರು ಕಾವಲು ಬಿಟ್ಟು ಬೆನ್ನುಹತ್ತಿದ ಮೇಲೆ ತಿರುಗಿ ಬಂದು ಕೃಷ್ಣೆ ದಾಟಿತು. ಯಾವ ದಡದಲ್ಲಿ ಯಾರಿದ್ದಾರೆ ಎಂಬಲ್ಲಿ ಅನುಮಾನ ಬಂದರೆ ಈ ತಂತ್ರವೇ ಆಟದಲ್ಲಿ ನಡೆಯುವುದಿಲ್ಲ. ನಡೆದೇ ನದಿ ದಾಟಬಹುದಾದ ಹಾಯುಗಡದ ಜಾಗದಲ್ಲಿ ನೀಲಿ ಗೆರೆ ತುಂಡರಿಸಿ ಬಿಳಿ ಬಿಡಿ. ಅರಿವೆ ಮೇಲೆ ಬಿಳಿ ಎಂದರೆ ಮುದ್ರಿಸದ ಜಾಗ, ಅದು ಸ್ವಚ್ಛವಾಗಿ ಕಾಣುತ್ತದೆ.

ಅಂಚು ಹೊಲಿಸುವಾಗ ಟೈಲರಿಗೆ ದಾರದ ಬಿಗಿ ಕಮ್ಮಿ ಮಾಡಲು ಹೇಳಿ. ಬಿಗಿ ಹೊಲಿಗೆಗೆ ಅಂಚು ನೆರಿಗೆ ಹಿಡಿಯುತ್ತದೆ, ಕೊನೆಯ ಸಾಲಿನಲ್ಲಿ ತುಂಡು ನಿಲ್ಲುವುದಿಲ್ಲ.

ಬಾಳಿಕೆ ಚಲೋ ಇದೆ. ಬಣ್ಣ ನೂಲಿನೊಳಗೇ ಇರುವುದರಿಂದ ಮಡಿಕೆಯಲ್ಲಿ ಬಿರಿದಿಲ್ಲ, ಚಹಾ ಬಿದ್ದದ್ದು ತಣ್ಣೀರಿಗೆ ಹೋಯಿತು, ಎಣ್ಣೆ–ಅರಿಷಿಣದ ಕಲೆ ಮಾತ್ರ ಉಳಿಯಿತು. ಕಿಟಕಿ ಬಿಸಿಲು ಬೀಳುವ ಬದಿಯಲ್ಲಿ ಹಸಿರು ಪೇಲವವಾಗಿದೆ. ಇಸ್ತ್ರಿ ಹಿಂಬದಿಯಿಂದ, ಕಮ್ಮಿ ಶಾಖದಲ್ಲಿ ಮಾತ್ರ. ಜಾಸ್ತಿ ಕಾಯಿಸಿದರೆ ಬಣ್ಣ ಎದ್ದು ಕೆಳಗಿನ ಅರಿವೆಗೆ ಹತ್ತುತ್ತದೆ. ಮಡಚುವುದಕ್ಕಿಂತ ಎರಡಿಂಚಿನ ಪೈಪಿಗೆ ಸುತ್ತಿಡುವುದು ಮೇಲು.

ಆಟದ ಕಾರ್ಡಿಗೆ, ತುಂಡಿಗೆ ಅಂಟಿಸುವ ಚೀಟಿಗೆ ಈ ಮುದ್ರಣ ಬೇಡ. ಕಾರ್ಡು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡಿನಲ್ಲಿ, ತುಂಡಿನ ಮೇಲಿನ ಚೀಟಿ ಸ್ಟಿಕರ್ ಹಾಳೆಯಲ್ಲಿ ಮಾಡಿಸಿ. ಚೀಟಿಯನ್ನು ತುಂಡಿನ ಅಂಚಿಗಿಂತ ಒಂದು ಮಿಲಿಮೀಟರ್ ಒಳಗೆ ಕತ್ತರಿಸಿ. ಅಂಚು ಮೀರಿ ಇಣುಕುವ ಬಣ್ಣ ಹಿಂದಿನಿಂದಲೇ ಕಾಣುತ್ತದೆ, ತೋಪು ಎಲ್ಲಿದೆ ಎಂದು ಎದುರಾಳಿಗೆ ಎರಡನೇ ಆಟಕ್ಕೇ ಗೊತ್ತಾಗಿಬಿಡುತ್ತದೆ.